ಹಿಮಾಲಯನ್ ಗಾಡಿಗೆ 12 ಸಾವಿರದೊಳಗೆ ಶಾಕಪ್ ಕೆಲಸ: ನನ್ನ ಅನುಭವ

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ನನ್ನ ಮೈತೂಕ 90 ಕಿಲೋ ಮೇಲೆ, ಹಿಂದೆ ಹೆಂಡತಿ, ಎರಡೂ ಬದಿಗೆ ತುಂಬಿದ ಚೀಲ. ಈ ಭಾರ ಹೊತ್ತ ಗಾಡಿಯನ್ನು ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿಗೂ ಮಾವನ ಊರು ವಿಜಯಪುರದ ರಸ್ತೆಗೂ ಒಗ್ಗಿಸಲು ಅಂಗಡಿಯವರು ಹೇಳಿದ ದರ, ಹಿಂದಿನ ಮುಂದಿನ ಶಾಕಪ್ ಸೇರಿ 50 ಸಾವಿರದ ಹತ್ತಿರ. ನಾನು 12 ಸಾವಿರದೊಳಗೆ ಮುಗಿಸಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಸೀಲಿನಿಂದ ಹನಿ ಎಣ್ಣೆ ಬಂದಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಗೆಳೆಯರು ಯಾರೂ ನಂಬಿರಲಿಲ್ಲ.

ಅದಕ್ಕೂ ಮೊದಲು ಹಾಳಾದ ರೊಕ್ಕದ ಲೆಕ್ಕ ಬೇರೆ. ಬಂಗಾರ ಬಣ್ಣದ ನಕಲಿ ಮೊನೊಶಾಕ್ (ಹಿಂದಿನ ಒಂಟಿ ಶಾಕಪ್), ನಾಲ್ಕೂವರೆ ಸಾವಿರ. ಪಕ್ಕಕ್ಕೆ ಗ್ಯಾಸ್ ಡಬ್ಬಿ, ನೋಡಲು ಭರ್ಜರಿ. ಜಾಂಬೋಟಿ ದಾಟಿ ಒಡೆದ ರಸ್ತೆ ಸುರುವಾಗಿದ್ದೇ ತಡ, ಗಾಡಿಯ ಹಿಂಬದಿ ಚೆಂಡಿನಂತೆ ಪುಟಿಯತೊಡಗಿತು. ಕಣಕುಂಬಿ ಬರುವುದರೊಳಗೆ ರಾಡಿನ ತುಂಬ ಎಣ್ಣೆ. ಆಮೇಲೆ ಅದನ್ನು ಕೊಯ್ದು ನೋಡಿದೆ. ಡಬ್ಬಿಗೂ ಸಿಲಿಂಡರಿಗೂ ನಡುವೆ ತೂತೇ ಇಲ್ಲ, ಡಬ್ಬಿ ಬರೀ ಶೋಕಿಗೆ! ಕಾದ ಎಣ್ಣೆ ಗಾಳಿ ಸೇರಿ ನೊರೆಯಾದರೆ ಡ್ಯಾಂಪಿಂಗ್, ಅಂದರೆ ಪುಟಿತ ತಡೆಯುವ ಗುಣ, ಮುಗಿದಂತೆ. ನೊರೆ ತಡೆಯಲೆಂದೇ ನೈಟ್ರೋಜನ್ ಒತ್ತಡ ಇರುತ್ತದೆ. ಇದರಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಂತರ ಗೆಳೆಯನ ಗಾಡಿಯಿಂದ ದುಬಾರಿ ಶಾಕಪ್ ಇಸಿದುಕೊಂಡು ಹಾಕಿದೆ. ಮಾಲು ಛಲೋ, ಕ್ಲಿಕ್ಕರ್ (ಡ್ಯಾಂಪಿಂಗ್ ಹೊಂದಿಸುವ ತಿರುಪು) ತಿರುಗಿಸಿದರೆ ವ್ಯತ್ಯಾಸ ಕೈಗೇ ತಿಳಿಯುತ್ತಿತ್ತು. ಆದರೆ ಸ್ಪ್ರಿಂಗ್ ಸುತ್ತಿದ್ದು 70 ಕಿಲೋದ ಸವಾರನಿಗೆ. ಹಿಂದಿನ ಗಾಲಿಯ ಟ್ರಾವೆಲ್, ಅಂದರೆ ಮೇಲೆ ಕೆಳಗೆ ಓಡುವ ದೂರ, 180 ಮಿ.ಮೀ. ಸವಾರ ಕೂತಾಗ ಅದರಲ್ಲಿ ಕುಸಿಯುವಷ್ಟು, ಅಂದರೆ ಸ್ಯಾಗ್, 54ರ ಆಸುಪಾಸು ಇರಬೇಕು. ನಾನು ಕೂತರೆ 75 ದಾಟುತ್ತಿತ್ತು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವುದು) ಪೂರ್ತಿ ಬಿಗಿದರೆ ಗಾಡಿ ಎತ್ತರವಾಯಿತೇ ಹೊರತು ಸ್ಪ್ರಿಂಗ್ ಬಿಗಿಯಾಗಲಿಲ್ಲ. ಎಷ್ಟೇ ದೊಡ್ಡ ಹೆಸರಿನ ಮಾಲಾದರೂ ತೂಕಕ್ಕೆ ಸ್ಪ್ರಿಂಗ್ ಹೊಂದದಿದ್ದರೆ ಅರ್ಧ ರೊಕ್ಕ ನೀರಿಗೆ ಹೋದಂತೆ. ನನ್ನ ಪ್ರಕಾರ ಮೊದಲು ಸ್ಪ್ರಿಂಗ್, ಆಮೇಲೆ ಎಣ್ಣೆ, ಬ್ರ್ಯಾಂಡ್ ಕಡೆಗೆ.

ಹಿಂದಕ್ಕೆ ಬಿಚ್ಚಿ ಕಟ್ಟಬಹುದಾದಂಥ ಒಂದು ಹಳೆ ಶಾಕಪ್ ಕೊಲ್ಹಾಪುರದಲ್ಲಿ ಆರು ಸಾವಿರಕ್ಕೆ ಸಿಕ್ಕಿತು. ರಾಡ್ ಸೊಟ್ಟ ಇರಲಿಲ್ಲ, ಸೀಲ್ ಮಾತ್ರ ಹೋಗಿತ್ತು. ಸ್ಪ್ರಿಂಗನ್ನು ಹೊಸದಾಗಿ ಸುತ್ತಿಸಿದೆ, ಎರಡೂವರೆ ಸಾವಿರ. ತಂತಿ ದಪ್ಪ ಸ್ವಲ್ಪ ಹೆಚ್ಚಿಸಿದರೂ ಸಾಕು. ಉಳಿದೆಲ್ಲ ಅದೇ ಇಟ್ಟು 12 ಮಿ.ಮೀ. ತಂತಿಯ ಬದಲು 12.5 ಹಾಕಿದರೆ ಶೇ 17–18ರಷ್ಟು ಬಿಗಿ. ಗ್ಯಾಸ್ ತುಂಬಿಸಲು ಪುಣೆಗೇ ಹೋಗಬೇಕು ಎಂದು ಎಲ್ಲರೂ ಹೇಳಿದ್ದರು. ಬೆಳಗಾವಿಯಲ್ಲಿ ಹೈಡ್ರಾಲಿಕ್ ಕೆಲಸದವರಿಗೇನು ಬರವೇ? ನಮ್ಮ ಶೆಡ್ಡಿನ ಹಿಂದಿನ ಹಿರಿಯರೊಬ್ಬರು ನೋಡಿ, “ತಮ್ಮಾ, ಅಕ್ಯುಮುಲೇಟರಿಗೆ ತುಂಬೂದೂ ಇದ ಗ್ಯಾಸ್, ತಾ ಇಲ್ಲೆ” ಎಂದು 10 ಬಾರ್ ಒತ್ತಡಕ್ಕೆ ನೈಟ್ರೋಜನ್ ತುಂಬಿಕೊಟ್ಟರು. (ಅಕ್ಯುಮುಲೇಟರ್ ಎಂದರೆ ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಡ ಹಿಡಿದಿಡುವ ಡಬ್ಬಿ.) ಸೀಲು, ಎಣ್ಣೆ, ಗ್ಯಾಸು ಸೇರಿ ಒಂದೂವರೆ ಸಾವಿರ. ಒಳಗೆ ಒತ್ತಡ ಉಳಿದಿರುವಾಗ ಮಾತ್ರ ಯಾರೂ ಬಿಚ್ಚಬೇಡಿ.

ಜಗಳ ನಡೆದದ್ದು ಮುಂದಿನ ಫೋರ್ಕಿಗೆ, ಅಂದರೆ ಮುಂದಿನ ಗಾಲಿ ಹಿಡಿದ ಜೋಡಿ ಕೊಳವೆಗೆ. ಗುಜರಿಯಿಂದ ಹಳೆ ಸ್ಪ್ರಿಂಗ್ ಜೋಡಿ ತಂದು ಕೊಯ್ಯುತ್ತೇನೆ ಎಂದಾಗ ದೋಸ್ತ ಒಬ್ಬ, “ಲೇ, ಸ್ಪ್ರಿಂಗ್ ಕೊಯ್ದ್ರ ಘಾಟಿನ್ಯಾಗ ಬೀಳ್ತಿ ನೋಡ” ಎಂದ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಐದನೇ ಒಂದು ಪಾಲು ತೆಗೆದರೆ ಕಾಲು ಭಾಗ ಹೆಚ್ಚು ಬಿಗಿ. ಎಲ್ಲ ಸುತ್ತೂ ಒಂದೇ ಅಂತರದಲ್ಲಿದ್ದರೆ ಮಾತ್ರ ಈ ಲೆಕ್ಕ. ಕೊಯ್ಯಲು ಕಟಿಂಗ್ ಚಕ್ರವೇ ಆಗಬೇಕು, ಗ್ಯಾಸ್ ಕಟರ್ ಹಚ್ಚಿದರೆ ಕಾವಿಗೆ ಹದ ಹೋಗುತ್ತದೆ. ಉಳಿದ ಸುತ್ತುಗಳ ನಡುವಿನ ಸಂದನ್ನೆಲ್ಲ ಕೂಡಿಸಿದರೆ ಮುಂದಿನ 200 ಮಿ.ಮೀ. ಟ್ರಾವೆಲ್ ಮತ್ತು ಪ್ರಿಲೋಡ್ ಎರಡರ ಮೊತ್ತವನ್ನು ಮೀರಬೇಕು. ಮೀರದಿದ್ದರೆ ಕೊಯ್ಯಬೇಡಿ. ನಾನು ಐದನೇ ಪಾಲಿಗಿಂತ ಮೊದಲೇ ನಿಲ್ಲಿಸಿದೆ. ಕೊಯ್ದಷ್ಟು ಉದ್ದಕ್ಕೆ ಅಲ್ಯೂಮಿನಿಯಮ್ ಸ್ಪೇಸರ್ ನನ್ನ ಲೇಥಿನಲ್ಲೇ ಆಯಿತು. ಅದರ ತುದಿಗೆ ಒಂದು ವಾಶರ್ ಕೂರಿಸಿದ್ದೇನೆ. ಆ ವಾಶರಿನಿಂದಲೇ ಕಿರಿಕಿರಿ ಸದ್ದು ನಿಂತದ್ದು. ಅದು ಎಂಥದ್ದು ಎಂಬುದು ನನ್ನಲ್ಲೇ ಇರಲಿ.

ಎಣ್ಣೆಯ ವಿಷಯದಲ್ಲಿ ಬಹಳ ಒದ್ದಾಡಿದೆ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ರಸ್ತೆಯನ್ನು ಅದುಮಿ ಗಾಡಿದಾರಿ ಮಾಡಿರುತ್ತವೆ. ವಿಜಯಪುರ ಕಡೆ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು ಡಾಂಬರು ಅಲೆ ಅಲೆಯಾಗಿರುತ್ತದೆ. ಅಲೆಗೆ ದಪ್ಪ ಎಣ್ಣೆ ಬೇಕು, ಚೋರ್ಲಾದ ಚೂಪು ತಗ್ಗಿಗೆ ತೆಳು ಎಣ್ಣೆ. ಈ ಗಾಡಿಯಂಥ ಡ್ಯಾಂಪರ್ ರಾಡ್ ಫೋರ್ಕಿನಲ್ಲಿ ಎಣ್ಣೆ ಒಳಗಿನ ರಾಡಿನ ಸಣ್ಣ ತೂತಿನಿಂದಲೇ ಹಾಯಬೇಕು, ಹೊಡೆತದ ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟು. ದಪ್ಪನೆಯ 15W ಎಣ್ಣೆ ಹಾಕಿದಾಗ ಮುಂಗೈ ನೋವು, ತೆಳು 10W ಹಾಕಿದಾಗ ಬ್ರೇಕಿಗೆ ಮೂಗು ಕೆಳಗೆ. ಡಬ್ಬಿಯ ಮೇಲಿನ W ಅಂಕಿ ಒಂದೊಂದು ಕಂಪನಿಗೆ ಒಂದೊಂದು ದಪ್ಪ. 40 ಡಿಗ್ರಿಯಲ್ಲಿ ಎಣ್ಣೆಯ ದಪ್ಪ ಹೇಳುವ ಸೆಂಟಿಸ್ಟೋಕ್ ಅಂಕಿ ನೋಡಿ ಕೊಂಡರೆ ಪೆಟ್ಟು ಬೀಳುವುದಿಲ್ಲ. ನಾನು ಎರಡನ್ನೂ ಬೆರೆಸಿದೆ, ಪ್ರಮಾಣ ನಿಮ್ಮ ತೂಕ ನೋಡಿ ನೀವೇ ಹುಡುಕಿಕೊಳ್ಳಿ. ಎಣ್ಣೆಯ ಮಟ್ಟ ಒಂದು ಸೆಂಟಿಮೀಟರ್ ಏರಿಸಿದ್ದರಿಂದ ಕೊನೆಯ ಹೊಡೆತವನ್ನು ಒಳಗಿನ ಗಾಳಿಯೇ ಹಿಡಿಯುತ್ತದೆ. ಮುಂದಿನ ಖರ್ಚೆಲ್ಲ ಒಂದೂವರೆ ಸಾವಿರ.

ನಡುವೆ ಫೋರ್ಕಿಗೆಂದು ಹಿತ್ತಾಳೆಯಲ್ಲಿ ಎಮ್ಯುಲೇಟರ್ ವಾಲ್ವ್ ಮಾಡಲೂ ಕೂತೆ. ರಾಡಿನ ತೂತು ಹಿಗ್ಗಿಸಿ, ಮೇಲೆ ಸಣ್ಣ ಸ್ಪ್ರಿಂಗಿನ ವಾಲ್ವ್ ಕೂರಿಸಿದರೆ ಜೋರು ಹೊಡೆತಕ್ಕೆ ಮಾತ್ರ ಅದು ತೆರೆಯಬೇಕು. ಮೊದಲಿನವು ತೆರೆದೇ ಉಳಿದವು. ಈಗಿನ ಜೋಡಿ ಭಾವಮೈದುನನ ಹೀರೋ ಎಕ್ಸ್‌ಪಲ್ಸ್ ಬೈಕಿನಲ್ಲಿ ಓಡುತ್ತಿದೆ, ಅವನು ಬಿಚ್ಚಲು ಬಿಡುತ್ತಿಲ್ಲ.

ಸ್ವೀಡನ್ನಿನ ಓಲಿನ್ಸ್ ಕಂಪನಿ 1976ರಿಂದ ಶಾಕಪ್ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಒಂದೇ ನಡತೆ ಬೇಕಾದವರು ಅಂಥದ್ದನ್ನೇ ಕೊಳ್ಳಲಿ, ಆ ನಯಗೆಲಸ ಲೇಥಿನಲ್ಲಿ ಆಗುವುದಿಲ್ಲ. ಆದರೆ 70–80ರ ವೇಗದಲ್ಲಿ ಲೋಕಾಪುರ ದಾಟುವವರು ಮೊದಲು ಲಿಂಕೇಜ್ (ಹಿಂದಿನ ಗಾಲಿಗೂ ಶಾಕಪ್ಪಿಗೂ ನಡುವಿನ ಕೀಲು) ಬೇರಿಂಗ್ ಬಿಚ್ಚಿ ಗ್ರೀಸ್ ಹಾಕಿ, ಸ್ಯಾಗ್ ಅಳೆಯಿರಿ. ಬೀಳ್ತಿ ಎಂದಿದ್ದ ದೋಸ್ತನ ಸ್ಪ್ರಿಂಗ್ ಜೋಡಿ ಈಗ ನನ್ನ ಬೆಂಚಿನ ಮೇಲಿದೆ. ಅವನ ತೂಕ 105, ಅವನಿಗೆ ಕೊಯ್ದರೆ ಸಾಲದು, ಹೊಸದೇ ಸುತ್ತಿಸಬೇಕು.