ಇಂಗ್ಲೆಂಡಿನ ಶಾಲೆಲಿ ಮಾರ್ಕ್ ಲಿಸ್ಟ್ ಎಲ್ಲುಂಟು? ಕಾಸರಗೋಡಿಂದ ಬಂದ ಅಪ್ಪ ಅಮ್ಮಂದಿರಿಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ನರ್ಸಿಂಗಿಗೋ ಕೇರ್ ಹೋಮಿಗೋ ಐಟಿಗೋ ಅಂತ ಮಕ್ಕಳ ಸಮೇತ ಇಂಗ್ಲೆಂಡಿಗೆ ಬಂದವ್ರು, ಶಾಲೆಗೆ ಸೇರ್ಸಿ ಎರಡು ತಿಂಗಳಾಗುವಾಗ ಕೇಳುದು ಒಂದೇ ಪ್ರಶ್ನೆ, ಪರೀಕ್ಷೆ ಯಾವಾಗ? ಊರಲ್ಲಾದ್ರೆ ಅಷ್ಟೊತ್ತಿಗೆ ಓಣಂ ಪರೀಕ್ಷೆ ಆಗಿ ಪೇಪರ್ ಕೈಗೆ ಬಂದಿರ್ತದೆ, ಅಜ್ಜನಿಗೆ ಫೋನಲ್ಲಿ ಹೇಳ್ಲಿಕ್ಕೆ ಒಂದು ಗ್ರೇಡಾದ್ರೂ ಇರ್ತದೆ. ಇಲ್ಲಿ ಮಗುವಿನ ಬ್ಯಾಗಲ್ಲಿ ಒಂದು ಓದುವ ಪುಸ್ತಕ, ನೀರಿನ ಬಾಟ್ಲಿ ಬಿಟ್ರೆ ಎಂತದೂ ಇಲ್ಲ.

ಪರೀಕ್ಷೆ ಇಲ್ಲ ಅಂತ ತಿಳ್ಕೊಳ್ಬೇಡಿ ಮಾರಾಯ್ರೆ. ದಿನಾ ಉಂಟು, ಹೆಚ್ಚುಕಮ್ಮಿ ಪ್ರತಿ ಪಾಠಕ್ಕೂ ಉಂಟು, ಮಕ್ಕಳಿಗೆ ಗೊತ್ತಾಗುದಿಲ್ಲ ಅಷ್ಟೆ. ನಾನು ಇಲ್ಲಿಯ ಒಂದು ಪ್ರೈಮರಿ ಶಾಲೆಲಿ ಟೀಚಿಂಗ್ ಅಸಿಸ್ಟೆಂಟ್, ಹಾಗಾಗಿ ಕ್ಲಾಸಿನ ಒಳಗೆ ನಡೆಯುದನ್ನೇ ಹೇಳ್ತೇನೆ. ಮ್ಯಾತ್ಸ್ ಪಾಠ ಅಂತ ಇಟ್ಕೊಳ್ಳಿ, ಭಿನ್ನರಾಶಿ. ಟೀಚರ್ ಹತ್ತು ನಿಮಿಷ ಹೇಳಿಕೊಟ್ಟ ಮೇಲೆ ಒಂದು ಲೆಕ್ಕ ಕೊಡ್ತಾರೆ, ಪ್ರತಿ ಮಗುವಿನ ಹತ್ರ ಸ್ಲೇಟಿನಷ್ಟು ದೊಡ್ಡ ಬಿಳಿ ಬೋರ್ಡು, ಎಲ್ರೂ ಬರೆದು ಒಟ್ಟಿಗೇ ಮೇಲೆ ಎತ್ತಬೇಕು. ಮೂವತ್ತು ಉತ್ತರ ಒಂದೇ ಸಲ ಕಾಣ್ತದೆ. ಕೈ ಎತ್ತುವ ಹುಷಾರಿ ಮಕ್ಕಳಷ್ಟೇ ಉತ್ತರ ಹೇಳಿ ಹಿಂದಿನ ಬೆಂಚಿನವ್ರು ಬಚಾವಾಗುವ ಕಥೆ ಇಲ್ಲಿ ನಡಿಯುದಿಲ್ಲ. ಪಾಠದ ಕೊನೆಗೆ ಎರಡು ಲೆಕ್ಕದ ಸಣ್ಣ ಚೀಟಿ, ಅದಕ್ಕೆ ಎಕ್ಸಿಟ್ ಟಿಕೆಟ್ ಅಂತಾರೆ. ಮಕ್ಕಳು ಮನೆಗೆ ಹೋದ ಮೇಲೆ ಟೀಚರ್ ಆ ಚೀಟಿಗಳನ್ನು ಮೂರು ಕಟ್ಟು ಮಾಡ್ತಾರೆ, ಅರ್ಥ ಆದವ್ರು, ಅರ್ಧಂಬರ್ಧ ಆದವ್ರು, ಆಗದವ್ರು. ಮರುದಿನ ಮೂರನೇ ಕಟ್ಟಿನ ಐದಾರು ಮಕ್ಕಳು ನನ್ನ ಟೇಬಲಿಗೆ ಬರ್ತಾರೆ, ನಿನ್ನೆದ್ದನ್ನೇ ಇನ್ನೊಂದು ರೀತಿಲಿ ಹೇಳಿಕೊಡುದು ನನ್ನ ಕೆಲ್ಸ. ಕ್ಲಾಸಲ್ಲಿ ಅರ್ಧಕ್ಕರ್ಧ ಜನ ಆ ಕಟ್ಟಲ್ಲಿದ್ರೆ ಪಾಠವನ್ನೇ ಮತ್ತೊಮ್ಮೆ ಮಾಡ್ತಾರೆ. ಆ ಚೀಟಿಯ ಮಾರ್ಕು ಯಾವ ಸರ್ಟಿಫಿಕೇಟಿಗೂ ಹೋಗುದಿಲ್ಲ, ಹೆಚ್ಚಿನ ಸಲ ಚೀಟಿ ಕಸದ ಬುಟ್ಟಿಗೆ.

ನಮ್ಮವ್ರಿಗೆ ಗೊಂದಲ ಆಗುದು ಇಲ್ಲೇ. ಕೇರಳದಲ್ಲಿ ಓದಿದವ್ರಿಗೆ ಸಿಇ, ಅಂದ್ರೆ ಶಾಲೆಲೇ ಮಾಡುವ ನಿರಂತರ ಮೌಲ್ಯಮಾಪನ, ಗೊತ್ತುಂಟು, ಎಸ್ಎಸ್ಎಲ್‌ಸಿಲಿ 80 ಮಾರ್ಕಿನ ಪೇಪರಿಗೆ 20, 40ರ ಪೇಪರಿಗೆ 10. ಸಿಇಯ ಉದ್ದೇಶವೂ ಮಗು ಕಲಿಯುವಾಗಲೇ ನೋಡುದು ಅಂತಲೇ, ಆದ್ರೆ ಅದು ಕೊನೆಯ ಗ್ರೇಡಿಗೆ ಸೇರುದ್ರಿಂದ ಯಾವ ಮಾಷ್ಟ್ರಿಗೂ ಕಮ್ಮಿ ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ, ನಮ್ಮ ಅತ್ತಿಗೆ ಬದಿಯಡ್ಕ ಕಡೆ ಕನ್ನಡ ಮೀಡಿಯಂ ಶಾಲೆಲಿ ಟೀಚರ್, ಅವ್ರೇ ಹೇಳ್ತಾರೆ, 20ಕ್ಕೆ 17 ಹಾಕಿದ್ರೆ ಪಿಟಿಎ ಮೀಟಿಂಗಲ್ಲಿ ಉತ್ತರ ಕೊಡ್ಬೇಕು ಅಂತ. ಇಂಗ್ಲೆಂಡಲ್ಲಿ ದಿನದ ಮೌಲ್ಯಮಾಪನವನ್ನು ಮಾರ್ಕಿಂದ ದೂರ ಇಟ್ಟಿದ್ದಾರೆ. 1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತೆ ಡಿಲನ್ ವಿಲಿಯಂ ಬರೆದದ್ದು ಇದಕ್ಕೆ ದೊಡ್ಡ ಆಧಾರ. ಬರೀ ಮಾರ್ಕು ಕೊಡುದಕ್ಕಿಂತ ಎಲ್ಲಿ ತಪ್ಪಿತು, ಹೇಗೆ ಸರಿ ಮಾಡ್ಬೇಕು ಅಂತ ಹೇಳಿದ್ರೆ ಮಕ್ಕಳು ಹೆಚ್ಚು ಕಲಿತಾರೆ ಅನ್ನುದು ಅವ್ರ ವಾದ. 2014ರಲ್ಲಿ ಸರ್ಕಾರ ಮಗು ಎಷ್ಟು ಕಲ್ತಿದೆ ಅಂತ ಲೆವೆಲ್ 3, ಲೆವೆಲ್ 4 ಅಂತ ನಂಬರಲ್ಲಿ ಹೇಳುವ ಹಳೆಯ ಪದ್ಧತಿಯನ್ನೂ ತೆಗೆದು, ನೀವೇ ನಿಮ್ಮ ಪದ್ಧತಿ ಮಾಡ್ಕೊಳ್ಳಿ ಅಂತ ಶಾಲೆಗಳಿಗೆ ಬಿಟ್ಟಿತು. ಹಾಗಾಗಿ ನಿಮ್ಮ ಮಗುವಿನ ಶಾಲೆಲಿ ನೇರಳೆ ಪೆನ್ನಲ್ಲಿ ತಪ್ಪು ತಿದ್ದುವ ಕ್ರಮ ಇದ್ರೆ ಪಕ್ಕದ ಶಾಲೆಲಿ ಇರ್ಲಿಕ್ಕಿಲ್ಲ, ಅದಕ್ಕೆ ತಲೆ ಬಿಸಿ ಮಾಡ್ಬೇಡಿ.

ಹೋಮ್‌ವರ್ಕ್ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೇನೆ. ನಮ್ಮಲ್ಲಿ ಅಮ್ಮ ಪಕ್ಕದಲ್ಲಿ ಕೂತು, ತಪ್ಪಿದ್ದನ್ನು ರಬ್ಬರಲ್ಲಿ ಉಜ್ಜಿಸಿ, ಚಂದ ಬರೆಸಿ ಕಳಿಸುದು ಕ್ರಮ. ಇಲ್ಲಿ ಅದು ಮಗುವಿಗೇ ನಷ್ಟ. ಪುಸ್ತಕದಲ್ಲಿ ಎಲ್ಲ ಸರಿ ಇದ್ರೆ ಟೀಚರ್ ಅರ್ಥ ಆಗಿದೆ ಅಂತ ಮುಂದೆ ಹೋಗ್ತಾರೆ, ಮೂರನೇ ಕಟ್ಟಿಗೆ ಬರ್ಬೇಕಾದ ಮಗು ಒಂದನೇ ಕಟ್ಟಲ್ಲಿ ಸುಮ್ಮನೆ ಕೂತಿರ್ತದೆ. ತಪ್ಪು ತಪ್ಪಾಗಿಯೇ ಹೋಗ್ಲಿ. ಬೇಕಾದ್ರೆ ಮೂಲೆಲಿ, ಇದಕ್ಕೆ ನಾನು ಸಹಾಯ ಮಾಡಿದ್ದು, ಅಂತ ಒಂದು ಸಾಲು ಬರೀರಿ, ಟೀಚರಿಗೆ ಅದ್ರಿಂದ ತುಂಬ ಉಪಕಾರ.

ಪೇರೆಂಟ್ಸ್ ಈವ್ನಿಂಗ್ ಅಂತ ಸಾಮಾನ್ಯವಾಗಿ ಚಳಿಗಾಲಕ್ಕೆ ಮುಂಚೆ ಒಂದು, ವಸಂತದಲ್ಲಿ ಒಂದು ಇರ್ತದೆ, ಒಬ್ಬೊಬ್ರಿಗೆ ಹತ್ತು ನಿಮಿಷ, ಅದೂ ಕಷ್ಟದಲ್ಲಿ. ಅಲ್ಲಿ ಹೋಗಿ ಕ್ಲಾಸಲ್ಲಿ ಎಷ್ಟನೇ ರ‍್ಯಾಂಕು ಅಂತ ಕೇಳಿದ್ರೆ ಟೀಚರ್ ನಗ್ತಾರೆ, ಉತ್ತರ ಕೊಡುದಿಲ್ಲ. ಈಗ ಅವಳಿಗೆ ಯಾವುದು ಬರುದಿಲ್ಲ, ಮುಂದಿನದ್ದು ಎಂತ, ಮನೇಲಿ ನಾವು ಎಂತ ಮಾಡ್ಬೇಕು, ಇಷ್ಟು ಕೇಳಿ. "ಶೀ ಈಸ್ ಲವ್ಲಿ" ಅಂತ ಹೇಳಿದ್ರೆ ಅಲ್ಲಿಗೇ ಏಳ್ಬೇಡಿ, ಎಲ್ಲ ಮಕ್ಕಳಿಗೂ ಹಾಗೇ ಹೇಳ್ತಾರೆ. ವರ್ಷಕ್ಕೊಂದು ಲಿಖಿತ ರಿಪೋರ್ಟಂತೂ ಖಂಡಿತ ಬರ್ತದೆ. ಅದ್ರಲ್ಲಿ ಸಾಧಾರಣವಾಗಿ ಮೂರು ಮಾತು, ವರ್ಕಿಂಗ್ ಟುವರ್ಡ್ಸ್ (ಇನ್ನೂ ಆ ಮಟ್ಟಕ್ಕೆ ಬಂದಿಲ್ಲ), ಎಕ್ಸ್‌ಪೆಕ್ಟೆಡ್, ಗ್ರೇಟರ್ ಡೆಪ್ತ್ (ಅದಕ್ಕಿಂತ ಮೇಲೆ). ನಡುವಿನದ್ದು ಬಂದ್ರೆ ಮಗು ಆ ವಯಸ್ಸಿಗೆ ತಕ್ಕ ಹಾಗೆ ಉಂಟು ಅಂತ ಅರ್ಥ, ಅದನ್ನು ಬಿ ಪ್ಲಸ್ ಅಂತ ಓದಿ ಮಗುವಿಗೆ ಬೈಬೇಡಿ.

ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಗಳೂ ಕೆಲವು ಉಂಟು. ಇಯರ್ ಒನ್‌ಲಿ (5-6 ವಯಸ್ಸು) ಜೂನ್ ತಿಂಗಳಿಗೆ ಫೋನಿಕ್ಸ್ ಚೆಕ್, 40 ಶಬ್ದ ಓದಿಸ್ತಾರೆ, ಅದ್ರಲ್ಲಿ ಅರ್ಧ ಅರ್ಥವೇ ಇಲ್ಲದ ಶಬ್ದಗಳು, ಅಕ್ಷರ ಕೂಡಿಸ್ಲಿಕ್ಕೆ ಬರ್ತದಾ ಅಂತ ನೋಡ್ಲಿಕ್ಕೆ. ಇಯರ್ ಫೋರ್‌ಲಿ (8-9 ವಯಸ್ಸು) ಮಗ್ಗಿ, 12ರ ವರೆಗೆ, ಕಂಪ್ಯೂಟರಲ್ಲಿ 25 ಪ್ರಶ್ನೆ, ಒಂದಕ್ಕೆ 6 ಸೆಕೆಂಡು. ನಮ್ಮ ಮಕ್ಕಳಿಗೆ ಮಗ್ಗಿ ಬರ್ತದೆ, ಆದ್ರೆ ಏಳೊಂದ್ಲಿ ಏಳು ಅಂತ ಶುರುವಿಂದ ಹೇಳ್ಕೊಂಡು ಏಳೆಂಟ್ಲಿಗೆ ಬರುವಾಗ ಆರು ಸೆಕೆಂಡು ಮುಗಿದಿರ್ತದೆ, ಹಾಗಾಗಿ ನಡುನಡುವಿಂದ ಕೇಳಿ ಅಭ್ಯಾಸ ಮಾಡ್ಸಿ. ಇಯರ್ ಸಿಕ್ಸ್‌ಲಿ (10-11 ವಯಸ್ಸು) ಮೇ ತಿಂಗಳಿಗೆ ಸ್ಯಾಟ್ಸ್, ಓದು, ವ್ಯಾಕರಣ, ಮ್ಯಾತ್ಸ್. ಅಂಕ 80ರಿಂದ 120ರ ಒಳಗೆ ಬರ್ತದೆ, 100 ಅಂದ್ರೆ ನಿರೀಕ್ಷೆಯ ಮಟ್ಟ, ನೂರಕ್ಕೆ ನೂರು ಅಂತ ಊರಿಗೆ ಫೋನ್ ಮಾಡುವ ಮುಂಚೆ ಇದು ನೆನಪಿರ್ಲಿ. ಬರವಣಿಗೆಗೆ ಪ್ರಬಂಧ ಪರೀಕ್ಷೆ ಇಲ್ಲ, ಕ್ಲಾಸಲ್ಲಿ ಬರೆದದ್ದನ್ನು ನೋಡಿ ಟೀಚರೇ ತೀರ್ಮಾನ ಮಾಡುದು.

ಊರಿಂದ ಹೊಸದಾಗಿ ಬಂದ ಮಗು ಕೆಲವು ತಿಂಗಳು ಬಾಯೇ ಬಿಡ್ಲಿಕ್ಕಿಲ್ಲ. ಶಾಲೆಯವ್ರು ಇಎಎಲ್ ಅಂತ ಗುರುತು ಹಾಕ್ತಾರೆ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಅಂತ ಅಷ್ಟೆ, ದಡ್ಡ ಅಂತ ಅಲ್ಲ. ಈ ಸಮಯದಲ್ಲಿ ಊರಲ್ಲಿ ಕನ್ನಡದಲ್ಲಿ ಎಷ್ಟು ಕಲ್ತಿದ್ದಾನೆ ಅಂತ ನೀವೇ ಹೋಗಿ ಹೇಳ್ಬೇಕು, ಮೂರನೇ ಕ್ಲಾಸಿನ ಲೆಕ್ಕದ ಪುಸ್ತಕ ಇದ್ರೆ ತೋರ್ಸಿ, ಅಂಕೆ ಎಲ್ರಿಗೂ ಓದ್ಲಿಕ್ಕಾಗ್ತದೆ. ಮನೇಲಿ ಕನ್ನಡವೋ ತುಳುವೋ ಮರಾಠಿಯೋ, ಇದ್ದದ್ದು ಇರ್ಲಿ, ನಿಲ್ಸಿ ಅಂತ ಯಾವ ಒಳ್ಳೆ ಟೀಚರೂ ಹೇಳುದಿಲ್ಲ.

ಸೆಕೆಂಡರಿಗೆ ಹೋದ ಮೇಲೆ ಕಥೆ ಬೇರೆ. ಇಯರ್ ಇಲೆವೆನ್‌ನ ಕೊನೆಗೆ (15-16 ವಯಸ್ಸು) ಜಿಸಿಎಸ್ಇ, ನಮ್ಮ ಎಸ್ಎಸ್ಎಲ್‌ಸಿಯ ಹಾಗಿನ ಪರೀಕ್ಷೆ, ಗ್ರೇಡ್ 9ರಿಂದ 1, ಒಂಬತ್ತೇ ಮೇಲಿನದ್ದು. ಹೆಚ್ಚಿನ ಸಬ್ಜೆಕ್ಟಿಗೆ ಕೊನೆಯ ಪರೀಕ್ಷೆಯೇ ಎಲ್ಲ, ನಮ್ಮ ಸಿಇಯ ಹಾಗೆ ಕೈ ಹಿಡಿಯುವ 20 ಮಾರ್ಕು ಇಲ್ಲ. ಮಗ ದೊಡ್ಡ ಕ್ಲಾಸಿಗೆ ಬಂದು ಸೇರುದಾದ್ರೆ ಯಾವ ಪರೀಕ್ಷಾ ಬೋರ್ಡು, ಎಷ್ಟು ಪಾಠ ಆಗ್ಲೇ ಮುಗ್ದಿದೆ ಅಂತ ಮೊದಲ ವಾರವೇ ಕೇಳಿ ಬರ್ಕೊಳ್ಳಿ. ಮತ್ತೆ ಇಷ್ಟೂ ಹೇಳಿದ್ದು ಇಂಗ್ಲೆಂಡಿಂದು, ಗ್ಲಾಸ್ಗೋ ಎಡಿನ್‌ಬರಾ ಕಡೆ ಇರುವವ್ರಿಗೆ ಸ್ಯಾಟ್ಸೂ ಇಲ್ಲ ಜಿಸಿಎಸ್ಇಯೂ ಇಲ್ಲ, ಸ್ಕಾಟ್ಲೆಂಡಿನ ಪದ್ಧತಿಯೇ ಪ್ರತ್ಯೇಕ.