ದೊಡ್ಡ ಗಿಡದ ಅಕ್ವೇರಿಯಂಗೆ ಕ್ಯಾನಿಸ್ಟರ್ ಫಿಲ್ಟರ್ ಆರಿಸುವ ಬಗೆ
ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರವಿರುವ ಅಕ್ವೇರಿಯಂ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಗಂಟೆಗೆ 1,200ರಿಂದ 1,500 ಲೀಟರ್ ಹರಿವು ಎಂದು ನಮೂದಿಸಿರುವ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗೆ ಇಡುವ, ಮುಚ್ಚಿದ ಡಬ್ಬಿಯಂಥ ನೀರು ಶೋಧಕ) ಸೂಕ್ತ. ಏಕೆಂದರೆ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ತುಂಬಿದ ಮೇಲೆ ನಿಜವಾದ ಹರಿವು ಗಣನೀಯವಾಗಿ ತಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹರಿವಿಗಿಂತಲೂ ಇವುಗಳನ್ನು ತುಂಬುವ ಪಾತ್ರೆಯ ಗಾತ್ರವೇ ಮುಖ್ಯ.

ಕೋಲಾರದ ಗಡಸು ಕೊಳವೆಬಾವಿ ನೀರಿನಿಂದ ಇಂಪೆಲ್ಲರ್ (ನೀರನ್ನು ತಳ್ಳುವ, ಮೋಟಾರಿನ ತಿರುಗುವ ಚಕ್ರ) ಮೇಲೆ ಸುಣ್ಣ ಕಟ್ಟುವುದರಿಂದ, ಅದನ್ನು ಸುಲಭವಾಗಿ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ತೊಳೆಯಲು ಬರುವ, ಬಿಡಿಭಾಗಗಳು ಸಿಗುವ ಮಾದರಿಯನ್ನೇ ಕೊಳ್ಳಿ. ವಿದ್ಯುತ್ ಗಂಟೆಗಟ್ಟಲೆ ಹೋದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ನೀರಿನ ಕಲ್ಮಶವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಆದ್ದರಿಂದ ಸಣ್ಣ ಇನ್ವರ್ಟರ್‌ನಲ್ಲೂ ಓಡುವಂತೆ ಕಡಿಮೆ ವ್ಯಾಟ್‌ನ ಮೋಟಾರನ್ನು ಆರಿಸಿ, ದೀರ್ಘಕಾಲ ನಿಂತಿದ್ದರೆ ಒಳಗಿನ ನೀರನ್ನು ಚೆಲ್ಲಿದ ನಂತರವೇ ಮತ್ತೆ ಚಾಲನೆ ಮಾಡಿ.