ಆದಾಯ ಬಿಟ್ಟು ಕೊರತೆ ಎಣಿಸಿದೆ: ಮೂರು ದೇಶಗಳ ಸರ್ವೆಯಲ್ಲಿ ನನ್ನ ಅನುಭವ

"ಶೂ ಎಣಿಸಿ ಬಡತನ ಅಳೀತೀರಾ?" ಮೊದಲ ಸಭೆಯಲ್ಲೇ ಹೀಗೆ ಕೇಳಿದವರು ಈ ಕೆಲಸದಲ್ಲಿ ನನಗಿಂತ ಬಹಳ ಹಿರಿಯರು. ಆದಾಯ ಗೊತ್ತಾದರೆ ಸಾಕು, ಉಳಿದದ್ದೆಲ್ಲ ಬರೀ ಅನಿಸಿಕೆ ಎಂಬುದು ಅವರ ವಾದ. ಮೂರು ವರ್ಷದ ಮೇಲೆ ಅವರೇ ನನ್ನ ಪ್ರಶ್ನಾವಳಿ ಕೇಳಿ ತರಿಸಿಕೊಂಡರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಪೋರ್ಚುಗಲ್, ಬಲ್ಗೇರಿಯ, ಫಿನ್ಲೆಂಡ್. ದೇಶಕ್ಕೆ ಹತ್ತಿರ ಹತ್ತಿರ ನಾನೂರು ಮನೆ. ಬೆಚ್ಚಗಿನ ಮನೆ, ಎರಡು ಜೊತೆ ಶೂ, ಕಾರು, ಪ್ರವಾಸದಂಥ 13 ಅಂಶಗಳು ಮನೆಯವರ ಕೈಗೆಟುಕುತ್ತವೆಯೇ ಎಂದು ಕೇಳುವ ಐರೋಪ್ಯ ಒಕ್ಕೂಟದ ಪಟ್ಟಿಯನ್ನೇ ಹಿಡಿದೆ: ಐದು ಕೈಗೆಟುಕದಿದ್ದರೆ ಕೊರತೆ, ಏಳಾದರೆ ತೀವ್ರ ಕೊರತೆ. ದೇಶದ ಮಧ್ಯಾಂಕ ಆದಾಯದ, ಅಂದರೆ ಸರಿಯಾಗಿ ನಡುವೆ ಬರುವ ಆದಾಯದ, 60%ಕ್ಕಿಂತ ಕೆಳಗಿದ್ದವರು ಬಡವರು ಎನ್ನುವ ಗೆರೆಯೊಂದನ್ನೇ ನಂಬಲು ನನಗೆ ಮನಸ್ಸಾಗಲಿಲ್ಲ. ಬೆಲೆಗಳ ವ್ಯತ್ಯಾಸ ಕಳೆದು ನೋಡಿದರೂ ಲಕ್ಸೆಂಬರ್ಗ್‌ನ ಬಡತನದ ಗೆರೆ ಬಲ್ಗೇರಿಯದ ನಡುಮಟ್ಟದ ಮನೆಯ ಆದಾಯಕ್ಕಿಂತ ಮೇಲಿರುತ್ತದೆ. ಎರಡೂ ಕಡೆಯ "ಬಡವ"ರನ್ನು ಒಂದೇ ಪದದಲ್ಲಿ ಕರೆಯುವುದು ಹೇಗೆ?

ಪರೀಕ್ಷೆಗೆಂದು ಮಾಡಿದ ಮೊದಲ ಸಣ್ಣ ಸರ್ವೆ (ಪೈಲಟ್) ನೆಲಕಚ್ಚಿತು. ದುಡ್ಡು ಉಳಿಸಲು ಅಗ್ಗದ ಅನುವಾದ ಮಾಡಿಸಿದ್ದೆ. "ಎಲ್ಲ ಹವಾಮಾನಕ್ಕೂ ಆಗುವ ಒಂದು ಜೊತೆ ಸೇರಿ ಎರಡು ಜೊತೆ ಶೂ" ಎಂಬುದು ಫಿನ್ನಿಶ್‌ನಲ್ಲಿ ಹಿಮಕ್ಕೆ ಹಾಕುವ ದಪ್ಪ ಬೂಟಿನಂತೆ ಕೇಳಿಸಿತು. ಒಳ್ಳೆ ಸಂಬಳದವರೂ ಕೊರತೆಯ ಲೆಕ್ಕಕ್ಕೆ ಬಿದ್ದರು. ಮನೆಗೆ ಸುಮಾರು 35 ಯೂರೊದಂತೆ ಅರವತ್ತು ಮನೆಯ ಖರ್ಚು ನೀರಿಗೆ ಹಾಕಿದಂತಾಯಿತು. ಆಮೇಲೆ ಫಿನ್ಲೆಂಡ್‌ನ ಇನ್ನೊಂದು ಅಧಿಕೃತ ಭಾಷೆಯಾದ ಸ್ವೀಡಿಶ್ ಸೇರಿ ನಾಲ್ಕು ಭಾಷೆಗೆ ಅನುವಾದ, ಅರ್ಥ ಕೆಟ್ಟಿಲ್ಲವೆಂದು ನೋಡಲು ಅದನ್ನು ಬೇರೆಯವರಿಂದ ಮತ್ತೆ ಮೂಲ ಭಾಷೆಗೆ ಅನುವಾದ. ಇನ್ನೊಂದು ಮೂರು ಸಾವಿರ ಯೂರೊ ಹೋಯಿತು. ಆ ಹಣ ಮೊದಲೇ ಹಾಕಬೇಕಿತ್ತು.

ಎರಡನೇ ಏಟು ಪೋರ್ಚುಗಲ್‌ನಿಂದ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಆಗುತ್ತಿಲ್ಲ ಎಂದವರು ಫಿನ್ಲೆಂಡ್‌ಗಿಂತ ಅಲ್ಲೇ ಎಷ್ಟೋ ಪಟ್ಟು ಹೆಚ್ಚು. ಉತ್ತರಗಳನ್ನು ಅಂಕಿಗಳಾಗಿ ದಾಖಲಿಸುವಾಗ (ಕೋಡಿಂಗ್) ತಿರುಗುಮುರುಗಾಗಿದೆ ಎಂದುಕೊಂಡು ಎರಡು ವಾರ ಕಡತಗಳನ್ನು ಜಾಲಾಡಿದೆ. ತಪ್ಪು ನನ್ನ ಊಹೆಯಲ್ಲಿತ್ತು. ಫಿನ್ಲೆಂಡ್‌ನ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ. ಪೋರ್ಚುಗಲ್‌ನ ಎಷ್ಟೋ ಹಳೆಯ ಮನೆಗಳಲ್ಲಿ ಶಾಖ ಹಿಡಿದಿಡುವ ಗೋಡೆಯೂ ಇಲ್ಲ, ಸರಿಯಾದ ಹೀಟಿಂಗೂ ಇಲ್ಲ. ಪ್ರಶ್ನೆ ಹಾಗೇ ಉಳಿಸಿಕೊಂಡೆ.

ನನ್ನನ್ನು ನಿಜಕ್ಕೂ ಕಾಡಿದ್ದು "ಬೇಡ" ಎಂಬ ಉತ್ತರ. ಇಲ್ಲದ್ದಕ್ಕೆ ಕಾರಣ ಎರಡು: ದುಡ್ಡಿಲ್ಲ, ಅಥವಾ ಬೇಡ. ದುಡ್ಡಿಲ್ಲ ಎಂದದ್ದು ಮಾತ್ರ ಲೆಕ್ಕಕ್ಕೆ. ಫಿನ್ಲೆಂಡ್ ರಾಜಧಾನಿ ಹೆಲ್ಸಿಂಕಿಯಲ್ಲಿ ಕಾರು ಬೇಡ ಎಂದವರಿಗೆ ನಿಜಕ್ಕೂ ಬೇಡ, ಬಸ್ಸು ಟ್ರಾಮು ಇವೆ. ಆದರೆ ಬಲ್ಗೇರಿಯದ ಹಳ್ಳಿಯ ಒಂಟಿ ಅಜ್ಜಿಯರು ಪ್ರವಾಸ ಬೇಡ, ಹೊಸ ಬಟ್ಟೆ ಬೇಡ, ವಾರಕ್ಕಿಷ್ಟು ಕೈಖರ್ಚೂ ಬೇಡ ಎನ್ನುತ್ತಿದ್ದರು. ಸಿಗದು ಎಂದು ಗೊತ್ತಾಗಿ ಎಷ್ಟೋ ವರ್ಷವಾದ ಮೇಲೆ ಆಸೆಯೇ ಬತ್ತಿಹೋಗಿರುತ್ತದೆ. ಲೆಕ್ಕದಲ್ಲಿ ಅವರು ಸುಖಿಗಳಾಗಿ ಕಾಣುತ್ತಿದ್ದರು. ನನಗೆ ಅದನ್ನು ಒಪ್ಪಲಾಗಲಿಲ್ಲ. ಮೂರಕ್ಕಿಂತ ಹೆಚ್ಚು "ಬೇಡ" ಬಂದರೆ ಸಂದರ್ಶನದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದೆ. ಅದರ ಮಾತು ಹೇಗೆ ಜೋಡಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹೆಚ್ಚುಕಡಿಮೆ ಮೂರನೇ ಒಂದರಷ್ಟು "ಬೇಡ"ಗಳು "ದುಡ್ಡಿಲ್ಲ" ಆದವು.

ಒಂದು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋದೆವು. ಪಟ್ಟಿಯಲ್ಲೇ ಇಲ್ಲದ ವಿಷಯ ಕೇಳಿದೆ: ಹಣವಿಲ್ಲದೆ ಹಲ್ಲಿನ ಚಿಕಿತ್ಸೆ ಮುಂದೂಡಿದಿರಾ? ಆದಾಯದಲ್ಲಿ ಮಾತ್ರ ಗೆರೆಯ ಕೆಳಗಿದ್ದವರಲ್ಲಿ ಆರರಲ್ಲಿ ಒಬ್ಬರು ಹೌದೆಂದರು. ಐದು ಅಂಶ ಇಲ್ಲದವರಲ್ಲಿ ಅರ್ಧದಷ್ಟು. ಮೂರೂ ದೇಶಗಳಲ್ಲಿ ಅದೇ ದಿಕ್ಕು. ಆ ಹಿರಿಯರು ನೋಡಿದ್ದು ಈ ಕೋಷ್ಟಕವನ್ನೇ.

ನಡುವೆ ಸುಮ್ಮನೆ ಒಂದು ಪ್ರಯೋಗ ಮಾಡಿದೆ. ಬೇರೆ ಬೇರೆ ಗಾತ್ರದ ಮನೆಗಳ ಆದಾಯ ಹೋಲಿಸಲು ಮೊದಲ ವಯಸ್ಕರಿಗೆ 1, ಎರಡನೇ ವಯಸ್ಕರಿಗೆ 0.5, ಮಗುವಿಗೆ 0.3 ಎಂದು ಕೊಡುವ ತೂಕ ಬಿಟ್ಟು ಮನೆಮಂದಿಯ ಸಂಖ್ಯೆಯ ವರ್ಗಮೂಲದಿಂದ ಆದಾಯ ಭಾಗಿಸಿದೆ. ಅಷ್ಟಕ್ಕೇ ಕೆಲವು ದೊಡ್ಡ ಕುಟುಂಬಗಳು ಗೆರೆ ದಾಟಿ ಮೇಲೆ ಹೋದವು, ಒಂಟಿ ವೃದ್ಧರು ಕೆಳಗಿಳಿದರು. ಕೊರತೆಯ ಎಣಿಕೆ ಮಾತ್ರ ಅಲುಗಲಿಲ್ಲ.

ಮುಂದಿನ ಸುತ್ತಿನಲ್ಲಿ ಐದನೇ ಒಂದು ಪಾಲು ಹಣವನ್ನು ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಕೇಳಲು ಎತ್ತಿಟ್ಟಿದ್ದೇನೆ. ಹತ್ತು ಮನೆಗಳಲ್ಲಿ ಪರೀಕ್ಷಿಸಿದಾಗ ನಾಲ್ಕರಲ್ಲಿ, ಹೊಸ ಬಟ್ಟೆಗೆ ತೊಂದರೆಯಿಲ್ಲ ಎಂದು ಗಂಡ ಹೇಳಿದ್ದ, ದುಡ್ಡಿಲ್ಲ ಎಂದು ಹೆಂಡತಿ ಹೇಳಿದ್ದಳು.